ರಾಂಕೋ ಕಂಪನಿಯ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಂಕೋ ಯಾವ ಕಂಪನಿ? ಯಾರು ಕಟ್ಟಿದ್ದು, ಯಾವಾಗ?

ಟೀವಿಯಲ್ಲಿ ಸಾಮಾನು ತೋರಿಸಿ, ಅದು ಕೆಲಸ ಮಾಡುವುದನ್ನು ಕಣ್ಣೆದುರೇ ಮಾಡಿ, ನೋಡುಗರಿಂದ ನೇರವಾಗಿ ಆರ್ಡರ್ ಪಡೆಯುವ ವ್ಯಾಪಾರಕ್ಕೆ ಅಮೆರಿಕದಲ್ಲಿ ದಾರಿ ಮಾಡಿಕೊಟ್ಟ ಕಂಪನಿಗಳಲ್ಲಿ ರಾಂಕೋ ಒಂದು. 1964ರಲ್ಲಿ ಶಿಕಾಗೋ ನಗರದಲ್ಲಿ ರಾನ್ ಪೊಪೀಲ್ ತಮ್ಮ ಗೆಳೆಯ ಮೆಲ್ ಕೋರಿ ಜೊತೆ ಸೇರಿ ಇದನ್ನು ಶುರುಮಾಡಿದರು. ರಾನ್ ಎಂಬ ಹೆಸರಿಗೆ ಕಂಪನಿಯ 'ಕೋ' ಸೇರಿ ರಾಂಕೋ ಆಯಿತು. 1969ರಲ್ಲಿ ರಾಂಕೋ ಟೆಲಿಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಷೇರು ಮಾರುಕಟ್ಟೆಗೂ ಬಂತು. ಪೊಪೀಲ್ ಹುಟ್ಟಿದ್ದು 1935ರ ಮೇ 3ರಂದು ನ್ಯೂಯಾರ್ಕ್‌ನಲ್ಲಿ, ತೀರಿಕೊಂಡಿದ್ದು 2021ರ ಜುಲೈ 28ರಂದು ಲಾಸ್ ಏಂಜಲಿಸ್‌ನಲ್ಲಿ.

ಮಾರುವ ವಿದ್ಯೆ ಅವರಿಗೆ ಎಲ್ಲಿಂದ ಬಂತು?

ಬೀದಿಯಿಂದ ಬಂತು. ಪೊಪೀಲ್ ಮನೆತನವೇ ಅಡುಗೆಮನೆ ಸಾಮಾನುಗಳನ್ನು ತಯಾರಿಸಿ, ಜನ ಸೇರುವ ಕಡೆ ನಿಂತು ಮಾರುವವರದು. ತಂದೆ ಸ್ಯಾಮ್ಯುಯಲ್ ಮತ್ತು ಚಿಕ್ಕಪ್ಪ ರೇಮಂಡ್ ಶಿಕಾಗೋದಲ್ಲಿ ಪೊಪೀಲ್ ಬ್ರದರ್ಸ್ ಕಾರ್ಖಾನೆ ನಡೆಸುತ್ತಿದ್ದರು. ಹದಿಹರೆಯದಲ್ಲಿ ರಾನ್ ಅಲ್ಲಿಗೆ ಬಂದು ಸೇರಿ, ತಂದೆಯ ಕಾರ್ಖಾನೆಯ ಸಾಮಾನನ್ನು ಸಗಟು ದರ ಕೊಟ್ಟೇ ಕೊಂಡು, ಶಿಕಾಗೋದ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ ಮೇಜು ಹಾಕಿ ಮಾರಲು ನಿಂತರು. ಮಗನೆಂದು ರಿಯಾಯಿತಿಯೇನೂ ಇರಲಿಲ್ಲ. ಆಮೇಲೆ ವೂಲ್‌ವರ್ತ್ ಮಳಿಗೆಯೊಳಗೆ ಜಾಗ ಸಿಕ್ಕಿತು, ನಡುನಡುವೆ ಊರೂರಿನ ಜಾತ್ರೆ, ವಸ್ತುಪ್ರದರ್ಶನಗಳಲ್ಲೂ ಮಾರಾಟ ನಡೆಯಿತು.

ಈ ಹಿನ್ನೆಲೆ ಗೊತ್ತಿರದಿದ್ದರೆ ರಾಂಕೋ ಜಾಹೀರಾತುಗಳು ಯಾಕೆ ಹಾಗಿದ್ದವು ಎನ್ನುವುದು ಅರ್ಥವಾಗುವುದಿಲ್ಲ. ಬೀದಿಯಲ್ಲಿ ಹತ್ತು ಜನ ನಿಂತರೆ, ಹನ್ನೊಂದನೆಯವನು ಏನು ನಡೀತಿದೆ ಎಂದು ನೋಡಲು ಬರುತ್ತಾನೆ. ಮಾತು ಒಂದು ಕ್ಷಣ ನಿಂತರೆ ಗುಂಪು ಕರಗುತ್ತದೆ. ದಿನಕ್ಕೆ ಹತ್ತಾರು ಸಲ ಅದೇ ಮಾತು ಆಡಿದಾಗ ಯಾವ ವಾಕ್ಯಕ್ಕೆ ಕೈ ಜೇಬಿಗೆ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ ಎಂದು ತಾನಾಗಿ ತಿಳಿಯುತ್ತದೆ. ಟೀವಿ ಕ್ಯಾಮೆರಾ ಮುಂದೆ ಬರುವ ಹೊತ್ತಿಗೆ ಪೊಪೀಲ್ ಈ ಪರೀಕ್ಷೆಯನ್ನು ಸಾವಿರಾರು ಸಲ ಪಾಸಾಗಿದ್ದರು.

ಸಂತೆ ಬಿಟ್ಟು ಟೀವಿಗೆ ಹೋಗಿದ್ದು ಯಾಕೆ?

ಕಾರಣ ತರಕಾರಿ. ತಂದೆಯ ಕಾರ್ಖಾನೆಯಲ್ಲಿ ತಯಾರಾದ ಚಾಪ್-ಒ-ಮ್ಯಾಟಿಕ್ ಎಂಬ ಕೈಯಂತ್ರ ಮೇಲಿನ ಹಿಡಿಯನ್ನು ಒತ್ತಿದಷ್ಟು ಸಲವೂ ಬ್ಲೇಡು ತಿರುಗಿಸಿಕೊಂಡು ಈರುಳ್ಳಿ, ಕೋಸು, ಕ್ಯಾರೆಟ್ ಎಲ್ಲವನ್ನೂ ಸಣ್ಣಗೆ ಹೆಚ್ಚುತ್ತಿತ್ತು. ಬೆಲೆ 3.98 ಡಾಲರ್, 20 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದು ಎಷ್ಟು ಬೇಗ ಹೆಚ್ಚುತ್ತಿತ್ತೆಂದರೆ, ದಿನವಿಡೀ ತೋರಿಸಲು ಬೇಕಾದಷ್ಟು ತರಕಾರಿಯನ್ನು ಮಾರುವವನು ಹೊತ್ತು ತರುವುದೇ ಕಷ್ಟವಾಯಿತು. ಒಂದೇ ಸಲ ಹೆಚ್ಚಿ ತೋರಿಸಿ ಅದನ್ನೇ ಚಿತ್ರೀಕರಿಸಿಟ್ಟುಕೊಂಡರೆ ಆ ತೊಂದರೆಯೂ ಇಲ್ಲ, ನೋಡುವವರ ಸಂಖ್ಯೆಯೂ ಬೆಳೆಯುತ್ತದೆ.

ಫ್ಲಾರಿಡಾದ ಟ್ಯಾಂಪಾದಲ್ಲಿ ಐನೂರು ಚಿಲ್ಲರೆ ಡಾಲರಿಗೆ ಜಾಹೀರಾತು ಚಿತ್ರೀಕರಿಸಿಕೊಡುವ ಟೀವಿ ಕೇಂದ್ರವೊಂದಿತ್ತು. ಪೊಪೀಲ್ ಅಲ್ಲಿ ಮಾಡಿಸಿದ ಮೊದಲ ಜಾಹೀರಾತು ಅಡುಗೆಮನೆ ಸಾಮಾನಿನದಲ್ಲ, ರಾಂಕೋ ಸ್ಪ್ರೇ ಗನ್‌ದು. ಅದು ತೋಟದ ನೀರಿನ ಪೈಪಿಗೆ ಸಿಕ್ಕಿಸುವ ಸಾಧನ. ಒಳಗೆ ಸೋಪಿನದೋ ಮೇಣದ್ದೋ ಗುಳಿಗೆ ಹಾಕಿದರೆ ನೀರಿನ ಜೊತೆ ಅದೂ ಚಿಮ್ಮುತ್ತದೆ.

ಪೊಪೀಲ್ ಬ್ರದರ್ಸ್ ಮತ್ತು ರಾಂಕೋ ಎರಡೂ ಒಂದೇನಾ?

ಅಲ್ಲ. ಈ ಗೊಂದಲ ಬಹಳ ಕಡೆ ಕಾಣುತ್ತದೆ. ಚಾಪ್-ಒ-ಮ್ಯಾಟಿಕ್, ತರಕಾರಿಯನ್ನು ಬಿಲ್ಲೆ, ಕಡ್ಡಿ ಮಾಡುವ ವೆಜ್-ಒ-ಮ್ಯಾಟಿಕ್, ಮಡಚುವ ಮೀನಿನ ಗಾಳ ಪಾಕೆಟ್ ಫಿಶರ್‌ಮನ್ ಇವೆಲ್ಲ ತಂದೆ ಸ್ಯಾಮ್ಯುಯಲ್ ಕಡೆಯ ಸೃಷ್ಟಿಗಳು, ತಯಾರಿಸಿದ್ದು ಪೊಪೀಲ್ ಬ್ರದರ್ಸ್. ಮಗನ ರಾಂಕೋ ಅವನ್ನು ಕೊಂಡು, ಟೀವಿಯಲ್ಲಿ ತೋರಿಸಿ ಮಾರುತ್ತಿತ್ತು. ವೆಜ್-ಒ-ಮ್ಯಾಟಿಕ್ ಅನ್ನು ರಾನ್ ಅಲ್ಲದೆ ಬೇರೆ ಇಪ್ಪತ್ತಕ್ಕೂ ಹೆಚ್ಚು ವಿತರಕರು ಮಾರುತ್ತಿದ್ದರು. ಮೊಟ್ಟೆ ಕಲಕುವ ಯಂತ್ರ, ಕೋಳಿಯನ್ನು ತಿರುಗಿಸುತ್ತ ಸುಡುವ ಶೋಟೈಮ್ ರೊಟಿಸರಿ ಇವು ಆಮೇಲಿನವು, ರಾನ್ ಅವರದೇ.

ವೆಜ್-ಒ-ಮ್ಯಾಟಿಕ್ ಹೇಗೆ ಕೆಲಸ ಮಾಡುತ್ತದೆ? ತೋರಿಸಿದಷ್ಟು ಸಲೀಸಾಗಿ ಹೆಚ್ಚುತ್ತಿತ್ತೇ?

1963ರಲ್ಲಿ ಶಿಕಾಗೋದ ಗೃಹೋಪಯೋಗಿ ಸಾಮಾನುಗಳ ಮೇಳದಲ್ಲಿ ಹೊರಬಂದ ಇದರಲ್ಲಿ ವಿದ್ಯುತ್ತು ಇಲ್ಲ, ಗೇರೂ ಇಲ್ಲ. ಕಾಲುಗಳ ಮೇಲೆ ನಿಂತ ಚೌಕಟ್ಟು, ಅದರಲ್ಲಿ ಒಂದರ ಮೇಲೊಂದು ಎರಡು ಉಂಗುರ, ಪ್ರತಿ ಉಂಗುರದಲ್ಲೂ ಬಿಗಿಯಾಗಿ ಎಳೆದು ಕೂರಿಸಿದ ತೆಳು ಬ್ಲೇಡುಗಳ ಸಾಲು. ಮೇಲಿನಿಂದ ಒತ್ತುವ ಹಿಡಿಗೆ ಬ್ಲೇಡುಗಳ ನಡುವೆ ಇಳಿಯುವ ಹಲ್ಲುಗಳಿವೆ. ಎರಡೂ ಉಂಗುರದ ಬ್ಲೇಡುಗಳು ಒಂದೇ ದಿಕ್ಕಿಗಿದ್ದರೆ ಬಿಲ್ಲೆಗಳು ಬರುತ್ತವೆ. ಒಂದು ಉಂಗುರವನ್ನು ತಿರುಗಿಸಿ ಅಡ್ಡಲಾಗಿಸಿದರೆ ಬ್ಲೇಡುಗಳು ಜಾಲರಿಯಾಗಿ ಆಲೂಗಡ್ಡೆ ಉದ್ದುದ್ದ ಕಡ್ಡಿಗಳಾಗಿ ಕೆಳಗೆ ಬೀಳುತ್ತದೆ. ಬಿಲ್ಲೆಗಳನ್ನು ಮತ್ತೆ ಜಾಲರಿಯ ಮೇಲಿಟ್ಟು ಒತ್ತಿದರೆ ಚೌಕ ಹೋಳು.

ಮನೆಯಲ್ಲಿ ಕೈಕೊಡುವುದು ಮೂರು ಕಡೆ. ಮೊದಲನೆಯದು, ಬ್ಲೇಡಿನ ಬಿಗಿ. ಉಂಗುರದ ಸ್ಕ್ರೂ ಸಡಿಲವಾದರೆ ಬ್ಲೇಡು ಬಾಗಿ, ಹೆಚ್ಚುವ ಬದಲು ಜಜ್ಜುತ್ತದೆ. ಎರಡನೆಯದು, ತರಕಾರಿಯ ಗಾತ್ರ. ಇಡೀ ದೊಡ್ಡ ಆಲೂಗಡ್ಡೆಯನ್ನು ಇಟ್ಟು ಒತ್ತಿದರೆ ತೋಳಿನ ಬಲ ಸಾಲದು; ತುದಿ ಕತ್ತರಿಸಿ, ಅರ್ಧ ಮಾಡಿ, ಚಪ್ಪಟೆ ಮುಖ ಕೆಳಗೆ ಮಾಡಿ ಇಡಬೇಕು. ಮೂರನೆಯದು ತೊಳೆಯುವುದು. ಆಲೂಗಡ್ಡೆಯ ಪಿಷ್ಟ ಒಣಗಿದರೆ ಬ್ಲೇಡುಗಳ ನಡುವೆ ಗೋಂದಿನಂತೆ ಕೂರುತ್ತದೆ, ಆದ್ದರಿಂದ ಕೆಲಸ ಮುಗಿದ ಕೂಡಲೇ ನೀರಿನಲ್ಲಿ ಮುಳುಗಿಸಿ, ಬೆರಳಿನಿಂದಲ್ಲ, ಬ್ರಷ್‌ನಿಂದ ಉಜ್ಜಬೇಕು. ಪೊಪೀಲ್ ಕೈಯಲ್ಲಿ ಅದು ಬೆಣ್ಣೆಯಂತೆ ಹೆಚ್ಚಿದ್ದರಲ್ಲಿ ಮೋಸವಿರಲಿಲ್ಲ. ಹೊಸ ಬ್ಲೇಡು, ಆರಿಸಿ ಇಟ್ಟ ತರಕಾರಿ, ವರ್ಷಗಳ ಕೈಪಳಗು ಮೂರೂ ಸೇರಿದ ಫಲ ಅದು. 9.95 ಡಾಲರ್ ಬೆಲೆಯ ಈ ಸಾಮಾನು ಸುಮಾರು 1 ಕೋಟಿ 10 ಲಕ್ಷ ಮಾರಾಟವಾಯಿತು.

ಆಗಲೂ ಜನ ಫೋನ್ ಮಾಡಿಯೇ ಆರ್ಡರ್ ಕೊಡುತ್ತಿದ್ದರೇ?

ಈಗಿನವರಿಗೆ ಹಾಗನ್ನಿಸುವುದು ಸಹಜ, ಆದರೆ ಮೊದಲ ಎರಡು ದಶಕ ರಾಂಕೋ ವ್ಯಾಪಾರ ನಡೆದದ್ದು ಮುಖ್ಯವಾಗಿ ಅಂಗಡಿಗಳಲ್ಲಿ. ಕರೆ ಮಾಡುವವರಿಗೆ ಖರ್ಚಿಲ್ಲದ 800 ನಂಬರ್ ಸೇವೆಯನ್ನು ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ ತಂದದ್ದೇ 1967ರಲ್ಲಿ. ಕ್ರೆಡಿಟ್ ಕಾರ್ಡ್ ಆಗಿನ್ನೂ ಮನೆಮನೆಗೆ ಬಂದಿರಲಿಲ್ಲ.

ಕ್ರಮ ಹೀಗಿತ್ತು. ಒಂದು ಊರಿನ ಟೀವಿ ಕೇಂದ್ರದಲ್ಲಿ ಜಾಹೀರಾತು ಬರುವ ಮುಂಚೆಯೇ ಆ ಊರಿನ ದೊಡ್ಡ ಅಂಗಡಿಗಳಿಗೆ ಸರಕು ಇಳಿಸುವುದು. ಜಾಹೀರಾತಿನ ಕೊನೆಯ ಕೆಲವು ಸೆಕೆಂಡುಗಳಲ್ಲಿ ಆ ಅಂಗಡಿಗಳ ಹೆಸರು ತೋರಿಸುವುದು. ಅಂಗಡಿಯವನು ಹಿಂದೇಟು ಹಾಕದಿರಲಿ ಎಂದು, ಮಾರಾಟವಾಗದೆ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವ ಖಾತರಿ ಕೊಡುವುದು. ಅಂಗಡಿಯವನಿಗೆ ನಷ್ಟದ ಭಯವಿಲ್ಲ, ಜಾಹೀರಾತಿನ ಖರ್ಚೂ ಅವನದಲ್ಲ, ಹಾಗಾಗಿ ಒಪ್ಪುತ್ತಿದ್ದ. ಇಡೀ ಹೊರೆ ರಾಂಕೋ ತಲೆಯ ಮೇಲೆ. ಕ್ರಿಸ್‌ಮಸ್ ಉಡುಗೊರೆಯ ಕಾಲವೇ ಸುಗ್ಗಿಯಾದ್ದರಿಂದ ಶರತ್ಕಾಲದಲ್ಲಿ ಸಾಲ ತಂದು ಸರಕು ತುಂಬಬೇಕು, ಜಾಹೀರಾತಿನ ದುಡ್ಡು ಕಟ್ಟಬೇಕು. ಅಂಗಡಿಗಳಿಂದ ಹಣ ಬರುವುದು, ಜೊತೆಗೆ ಉಳಿದ ಪೆಟ್ಟಿಗೆಗಳು ಮರಳುವುದು ಹೊಸ ವರ್ಷದ ಮೇಲೆ. ಈ ಅಂತರವನ್ನು ನೆನಪಿಡಿ, ಮುಂದಿನ ಕುಸಿತದ ಬೀಜ ಇಲ್ಲಿದೆ.

ಒಂದು ಪ್ರದರ್ಶನವನ್ನು ಹೇಗೆ ಕಟ್ಟುತ್ತಾರೆ?

ಮೊದಲು ನೋಡುವವನಿಗೆ ಗೊತ್ತಿರುವ ಕಷ್ಟ: ಈರುಳ್ಳಿ ಹೆಚ್ಚುವಾಗ ಕಣ್ಣೀರು, ಬೆರಳಿಗೆ ಚಾಕು. ಕೂಡಲೇ ಕೆಲಸ, ಮಾತಿನ ವಿವರಣೆ ಆಮೇಲೆ. ಒಂದೇ ಸಾಮಾನಿನಿಂದ ಬೇರೆಬೇರೆ ಕೆಲಸ ಮಾಡಿ ತೋರಿಸುತ್ತ, ಕೊನೆಗೆ ಸುಲಭವಾಗಿ ನಂಬಲಾಗದ್ದನ್ನು ಇಡುತ್ತಾರೆ. ಮಾಗಿದ ಟೊಮೇಟೊವನ್ನು ತೆಳ್ಳಗೆ ಕೊಯ್ಯುವುದು ಅಂಥದ್ದು.

ಆಮೇಲೆ ಬರುತ್ತದೆ ಈ ವೃತ್ತಿಯವರು 'ತಿರುವು' ಎನ್ನುವ ಘಟ್ಟ. ಅಲ್ಲಿಯವರೆಗೆ ಬಿಟ್ಟಿ ತಮಾಷೆ ನೋಡುತ್ತಿದ್ದವರು ಈಗ ದುಡ್ಡು ಕೊಡಬೇಕು. ಸಂತೆಯಲ್ಲಿ ಗುಂಪು ಕರಗುವುದು ಇದೇ ಕ್ಷಣದಲ್ಲಿ. ಅದಕ್ಕೇ ಪ್ರದರ್ಶನ ನಿಲ್ಲಿಸಿ ಬೆಲೆ ಹೇಳುವುದಿಲ್ಲ, ಕೈ ಹೆಚ್ಚುತ್ತಲೇ ಇರುವಾಗ ಬೆಲೆ ಹೇಳುತ್ತಾರೆ. ಮೊದಲು ದೊಡ್ಡ ಅಂಕಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಸಿ, ಕೊನೆಯ ಬೆಲೆಯ ಮೇಲೆ ಇನ್ನೊಂದು ಸಾಮಾನು ಸೇರಿಸುತ್ತಾರೆ. ಪೊಪೀಲ್ ಬೆಲೆ ಇಳಿಸುವಾಗಲೂ ಸಾಮಾನಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮಾರುವವನ ಮುಖವಲ್ಲ, ವಸ್ತುವೇ ನಾಯಕ ಎನ್ನುವುದು ಅವರ ಪದ್ಧತಿ. ನಮ್ಮ ಸಂತೆಗಳಲ್ಲಿ ತುರಿಮಣೆ, ಸಿಪ್ಪೆ ಸುಲಿಯುವ ಬ್ಲೇಡು ಮಾರುವವರನ್ನು ಗಮನಿಸಿ ನೋಡಿ. ಒಳ್ಳೆಯವರು ಇದನ್ನೇ ಮಾಡುತ್ತಾರೆ.

ರಾಂಕೋ ಬೇರೆ ಏನೇನು ಮಾರಿತು?

ಮಡಚಿ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಇಡಬಹುದಾದ ಮೀನಿನ ಗಾಳ ಪಾಕೆಟ್ ಫಿಶರ್‌ಮನ್. ನಿಮ್ಮ ದನಿಯನ್ನು ಹತ್ತಿರದ ಎಫ್‌ಎಂ ರೇಡಿಯೋದಲ್ಲಿ ಕೇಳಿಸುವ ಮಿಸ್ಟರ್ ಮೈಕ್ರೊಫೋನ್. ಹೊಗೆಯನ್ನು ಒಳಗೆಳೆದುಕೊಳ್ಳುವ ಆಷ್‌ಟ್ರೇ. ಬೋಳುತಲೆಗೆ ಬಣ್ಣ ಸಿಂಪಡಿಸುವ ಜಿಎಲ್‌ಎಚ್. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಹಲವು ಗಾಯಕರ ಹಾಡು ಸೇರಿಸಿದ ಗ್ರಾಮಫೋನ್ ತಟ್ಟೆಗಳನ್ನೂ ಮಾರಿತು.

ಎಲ್ಲಕ್ಕಿಂತ ಜಾಣ್ಮೆಯದು ಎಂದು ನಮಗೆ ಅನ್ನಿಸುವುದು ಚಿಪ್ಪು ಒಡೆಯದೆ ಮೊಟ್ಟೆ ಕಲಕುವ ಯಂತ್ರ. ಒಳಗಿರುವುದು ಮೋಟರಿಗೆ ಸಿಕ್ಕಿಸಿದ ಒಂದು ಬಾಗಿದ ಸೂಜಿ, ಅಷ್ಟೇ. ಮೊಟ್ಟೆಯನ್ನು ಅದರ ಮೇಲೆ ಒತ್ತಿದರೆ ಸೂಜಿ ಒಳಹೊಕ್ಕು ತಿರುಗಿ, ಕೆಲವೇ ಸೆಕೆಂಡಿನಲ್ಲಿ ಬಿಳಿ ಹಳದಿ ಒಂದಾಗುತ್ತದೆ. ಸೂಜಿ ನೇರವಾಗಿದ್ದರೆ ತೂತು ಮಾತ್ರ ಬೀಳುತ್ತಿತ್ತು, ಕಲಕುತ್ತಿರಲಿಲ್ಲ. ಎಲ್ಲ ಇರುವುದು ಆ ಬಾಗಿನಲ್ಲಿ. ಬೇಯಿಸಿದ ಮೊಟ್ಟೆಯಲ್ಲಿ ಬಿಳಿಯ ಚೂರುಗಳು ಉಳಿಯುವುದು ಪೊಪೀಲ್‌ಗೆ ಆಗುತ್ತಿರಲಿಲ್ಲವಂತೆ, ಯಂತ್ರ ಹುಟ್ಟಿದ್ದು ಹಾಗೆ. 1993ರಲ್ಲಿ ಅವರಿಗೆ ನೊಬೆಲ್ ಅನ್ನು ಅಣಕಿಸಿ ತಮಾಷೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು.

1984ರಲ್ಲಿ ಕಂಪನಿ ದಿವಾಳಿಯಾಗಿದ್ದು ಸಾಮಾನು ಕಳಪೆ ಎಂದೇ?

ಹಾಗೆ ಹೇಳುವುದು ತಪ್ಪು. ಮೇಲೆ ಹೇಳಿದ ಸಾಲದ ಚಕ್ರವನ್ನು ನೋಡಿ: ವಾಪಸ್ ಬರಬಹುದಾದ ಸರಕು ಮಾರಾಟವಾದಂತೆ ಕಂಡರೂ ಮಾರಾಟವಲ್ಲ. ಒಂದು ಕ್ರಿಸ್‌ಮಸ್ ಸಪ್ಪೆಯಾದರೆ ಗೋದಾಮು ತುಂಬುತ್ತದೆ, ಬಡ್ಡಿ ನಿಲ್ಲುವುದಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಡ್ಡಿದರ ವಿಪರೀತ ಏರಿತ್ತು. ಬ್ಯಾಂಕ್ ಕೈಬಿಟ್ಟ ಮೇಲೆ ಇಂಥ ವ್ಯಾಪಾರಕ್ಕೆ ಉಸಿರಾಡಲು ಜಾಗವಿಲ್ಲ. ದಾಸ್ತಾನು ಹರಾಜಿಗೆ ಬಂದಾಗ ಪೊಪೀಲ್ ಸುಮಾರು 20 ಲಕ್ಷ ಡಾಲರ್ ಸ್ವಂತ ಹಣ ಕೊಟ್ಟು ಅದನ್ನು ಕೊಂಡು, ಮತ್ತೆ ಮೇಳಗಳಲ್ಲಿ ನಿಂತು ಮಾರಿದರು. ತಂದೆ ಸ್ಯಾಮ್ಯುಯಲ್ ತೀರಿಕೊಂಡದ್ದೂ ಅದೇ ವರ್ಷ.

ಅರ್ಧ ಗಂಟೆಯ ಜಾಹೀರಾತು ಕಾರ್ಯಕ್ರಮಗಳು ಯಾವಾಗ ಬಂದವು?

ಅದೂ 1984ರಿಂದಲೇ. ಟೀವಿ ಕೇಂದ್ರಗಳು ಗಂಟೆಗೆ ಎಷ್ಟು ಹೊತ್ತು ಜಾಹೀರಾತು ಹಾಕಬಹುದು ಎಂಬ ಮಿತಿಯನ್ನು ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಆ ವರ್ಷ ತೆಗೆದುಹಾಕಿತು. ನಡುರಾತ್ರಿ, ಭಾನುವಾರ ಬೆಳಗ್ಗೆ ಯಾರೂ ಕೊಳ್ಳದ ಹೊತ್ತನ್ನು ಕೇಂದ್ರಗಳು ಅಗ್ಗಕ್ಕೆ ಮಾರತೊಡಗಿದವು. ಅರ್ಧ ಗಂಟೆಯ ಜಾಗದಲ್ಲಿ ಕಾರ್ಯಕ್ರಮದ ಉದ್ದ 28 ನಿಮಿಷ 30 ಸೆಕೆಂಡ್, ಉಳಿದದ್ದು ಕೇಂದ್ರದ್ದು. ಒಂದು ನಿಮಿಷದ ಜಾಹೀರಾತಿನಲ್ಲಿ ಹೆಚ್ಚುವುದನ್ನು ತೋರಿಸಬಹುದು, ಕೋಳಿ ಬೇಯುವುದನ್ನು ತೋರಿಸಲಾಗದು.

ಪೊಪೀಲ್ 1990ರ ದಶಕದ ಆರಂಭದಲ್ಲಿ ಹಣ್ಣು, ತರಕಾರಿ ಒಣಗಿಸುವ ವಿದ್ಯುತ್ ಯಂತ್ರದೊಂದಿಗೆ ಈ ಹೊಸ ಅಂಗಳಕ್ಕೆ ಮರಳಿದರು. ಐದು ತಟ್ಟೆಗಳ ಆ ಯಂತ್ರದಲ್ಲಿ ಫ್ಯಾನ್ ಇಲ್ಲ, ಅಡಿಯಲ್ಲಿ ಕಾಯಿಲ್ ಮಾತ್ರ; ಬಿಸಿಗಾಳಿ ತಾನಾಗಿ ಮೇಲೇರುತ್ತದೆ. ಆದ್ದರಿಂದ ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದು ಹಸಿಯಾಗಿಯೇ ಇರುತ್ತದೆ. ನಡುನಡುವೆ ತಟ್ಟೆಗಳನ್ನು ಮೇಲೆಕೆಳಗೆ ಬದಲಾಯಿಸದಿದ್ದರೆ ಬೂಸಲು ಹಿಡಿಯುತ್ತದೆ. ಬಿಸಿಲಿನಲ್ಲಿ ಸಂಡಿಗೆ ಹಾಕಿ ತಿರುವಿಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೋಟೈಮ್ ರೊಟಿಸರಿ ಅಷ್ಟು ಯಶಸ್ವಿಯಾಗಿದ್ದು ಯಾಕೆ?

1998ರಲ್ಲಿ ಬಂದ ಇದು ಬಂದ ದುಡ್ಡಿನ ಲೆಕ್ಕದಲ್ಲಿ ರಾಂಕೋದ ಅತಿ ದೊಡ್ಡ ಗೆಲುವು, ಅಮೆರಿಕದಲ್ಲೇ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬೆಲೆಯನ್ನು 39.95 ಡಾಲರಿನ ನಾಲ್ಕು ಕಂತು ಎಂದು ಹೇಳುತ್ತಿದ್ದರು, ಕೂಡಿದರೆ 159.80.

ಎರಡು ಸರಳುಗಳು ಎರಡು ಹಲ್ಲುಚಕ್ರಗಳ ನಡುವೆ ಕೂರುತ್ತವೆ, ಕೋಳಿಯನ್ನು ಅವಕ್ಕೆ ಚುಚ್ಚಿ ಒಳಗಿಟ್ಟರೆ ಸಣ್ಣ ಮೋಟರು ನಿಧಾನವಾಗಿ ತಿರುಗಿಸುತ್ತದೆ, ಹಿಂಬದಿಯ ಕಾಯಿಲ್ ಸುಡುತ್ತದೆ, ಕೊಬ್ಬು ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತದೆ. ಮುಂದಿನ ಗಾಜಿನ ಬಾಗಿಲು ಓರೆಯಾಗಿದೆ, ನಿಂತವರಿಗೂ ಕ್ಯಾಮೆರಾಗೂ ಒಳಗಿನ ಕೋಳಿ ಕೆಂಪಗಾಗುವುದು ಕಾಣಲಿ ಎಂದು. ಯಂತ್ರವನ್ನು ರೂಪಿಸುವಾಗಲೇ ಪ್ರದರ್ಶನವನ್ನೂ ಅದರೊಳಗೆ ಕಟ್ಟಿದ್ದಾರೆ. ಪೊಪೀಲ್ ಕೆಲಸದ ತಿರುಳು ಇದು ಎಂದು ನಾವು ನಂಬುತ್ತೇವೆ. "ಹೊಂದಿಸಿ, ಮರೆತುಬಿಡಿ" ಎಂದು ಸ್ಟುಡಿಯೋದ ಪ್ರೇಕ್ಷಕರೇ ಒಟ್ಟಾಗಿ ಕೂಗುತ್ತಿದ್ದರು.

ಬಳಸುವವರಿಗೆ ಲೆಕ್ಕ: ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ, 15 ನಿಮಿಷ. 1.8 ಕಿಲೋ ಕೋಳಿಗೆ ಒಂದು ಗಂಟೆ. ರೆಕ್ಕೆ, ಕಾಲುಗಳನ್ನು ಬಿಗಿಯಾಗಿ ಕಟ್ಟದಿದ್ದರೆ ತಿರುಗುವಾಗ ಕಾಯಿಲ್‌ಗೆ ತಾಗಿ ಹೊಗೆ ಬರುತ್ತದೆ. ತೂಕ ಒಂದೇ ಕಡೆ ಇದ್ದರೆ ಚಕ್ರ ಟಕಟಕ ಎಂದು ಜಾರುತ್ತದೆ. ನಿಲ್ಲಿಸಿ, ಸರಳನ್ನು ನಡುವಿಗೆ ಸರಿಯಾಗಿ ಚುಚ್ಚಿ.

ಇಂಥ ವ್ಯಾಪಾರದಲ್ಲಿ ಲಾಭದ ಲೆಕ್ಕ ಹೇಗೆ?

ಕಲ್ಪಿತ ಅಂಕಿಗಳಿಂದ ತಿಳಿಯೋಣ. ಸಾಮಾನಿನ ಬೆಲೆ 160 ಡಾಲರ್. ತಯಾರಿಕೆ 40, ಸಾಗಣೆ, ಫೋನ್ ಕೇಂದ್ರ, ಕಾರ್ಡಿನ ಶುಲ್ಕ ಸೇರಿ 15, ವಾಪಸ್ ಬರುವ ಸಾಮಾನಿಗೆಂದು 10. ಉಳಿದದ್ದು 95. ಅರ್ಧ ಗಂಟೆಯ ಹೊತ್ತಿಗೆ 5,000 ಡಾಲರ್ ಕೊಟ್ಟಿದ್ದರೆ 53 ಆರ್ಡರ್ ಬಂದಾಗ ಮಾತ್ರ ಕೈಯಿಂದ ಹೋಗುವುದಿಲ್ಲ. 80 ಬಂದರೆ ಪ್ರತಿ ಆರ್ಡರಿಗೆ ಜಾಹೀರಾತು ಖರ್ಚು 62.50, ಉಳಿಕೆ 32.50. 50 ಬಂದರೆ ಖರ್ಚು 100, ಪ್ರತಿ ಪೆಟ್ಟಿಗೆಗೂ 5 ಡಾಲರ್ ನಷ್ಟ.

ಹೀಗಾಗಿ ತಯಾರಿಕೆಯ ಖರ್ಚಿನ ನಾಲ್ಕೈದು ಪಟ್ಟು ಬೆಲೆ ಇಡಲಾಗದ ಸಾಮಾನನ್ನು ಈ ವೃತ್ತಿಯವರು ಮುಟ್ಟುವುದಿಲ್ಲ. ಪ್ರತಿ ಕೇಂದ್ರಕ್ಕೂ ಬೇರೆ ಫೋನ್ ನಂಬರ್ ಕೊಟ್ಟು, ಯಾವ ಹೊತ್ತು ಎಷ್ಟು ಆರ್ಡರ್ ತಂದಿತು ಎಂದು ಮರುದಿನವೇ ನೋಡಿ, ತರದ ಕೇಂದ್ರವನ್ನು ಬಿಡುತ್ತಾರೆ. ತೀರ ಸಾಮಾನ್ಯ ತಪ್ಪು ಸರಕು ಸಿದ್ಧವಿಲ್ಲದೆ ಜಾಹೀರಾತು ಹಾಕುವುದು. ಅಮೆರಿಕದಲ್ಲಿ 1970ರ ದಶಕದ ನಡುವಿನಿಂದ ಅಂಚೆ ಆರ್ಡರಿಗೆ, 1994ರಿಂದ ಫೋನ್ ಆರ್ಡರಿಗೂ ನಿಯಮವಿದೆ: ಬೇರೆ ಅವಧಿ ಹೇಳಿರದಿದ್ದರೆ 30 ದಿನದೊಳಗೆ ಕಳಿಸಬೇಕು, ಆಗದಿದ್ದರೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಇಲ್ಲವೇ ಹಣ ಮರಳಿಸಬೇಕು.

ಗಿನ್ಸು ಚಾಕು, ಕೆ-ಟೆಲ್ ಇವೂ ರಾಂಕೋದವೇ?

ಎರಡೂ ಅಲ್ಲ. ಗಿನ್ಸು ಚಾಕು 1978ರಿಂದ ರೋಡ್ ಐಲೆಂಡಿನ ಡಯಲ್ ಮೀಡಿಯಾ ಮಾರಿದ್ದು. ಹೆಸರು ಜಪಾನಿನದಂತೆ ಕೇಳಿದರೂ ಚಾಕು ತಯಾರಾದದ್ದು ಒಹಾಯೋದ ಫ್ರೀಮಾಂಟ್‌ನಲ್ಲಿ. "ತಾಳಿ, ಇನ್ನೂ ಇದೆ" ಎಂಬ ಪ್ರಸಿದ್ಧ ಮಾತಿನ ಕೀರ್ತಿಯನ್ನು ಕೆಲವರು ಪೊಪೀಲ್‌ಗೂ ಕೆಲವರು ಗಿನ್ಸು ಜಾಹೀರಾತು ಬರೆದ ಆರ್ಥರ್ ಶಿಫ್‌ಗೂ ಕೊಡುತ್ತಾರೆ. ಕೆ-ಟೆಲ್ ಕೆನಡಾದ ವಿನಿಪೆಗ್‌ನಲ್ಲಿ ಫಿಲಿಪ್ ಕೈವ್ಸ್ ಕಟ್ಟಿದ್ದು. 1962ರಲ್ಲಿ ಟೆಫ್ಲಾನ್ ಬಾಣಲೆಗೆ ಐದು ನಿಮಿಷದ ಜಾಹೀರಾತು ಮಾಡಿ ಶುರುವಾದ ಅವರು ವೆಜ್-ಒ-ಮ್ಯಾಟಿಕ್ ಅನ್ನೂ ಮಾರಿದರು, 1966ರಿಂದ ಹಾಡಿನ ಸಂಕಲನಗಳಿಗೆ ಹೆಸರಾದರು. ಕೆ-ಟೆಲ್ ಕೂಡ 1984ರಲ್ಲೇ ದಿವಾಳಿ ಅರ್ಜಿ ಹಾಕಿತು.

2005ರ ನಂತರ ಏನಾಯಿತು?

ಆ ವರ್ಷ ಪೊಪೀಲ್ ಕಂಪನಿಯನ್ನು ಸುಮಾರು 5.5 ಕೋಟಿ ಡಾಲರಿಗೆ ಮಾರಿದರು. ಎರಡೇ ವರ್ಷದಲ್ಲಿ, 2007ರ ಜೂನ್‌ನಲ್ಲಿ, ಹೊಸ ಮಾಲೀಕರ ಕೈಯಲ್ಲಿ ಅದು ದಿವಾಳಿ ಅರ್ಜಿ ಹಾಕಿ ಮಾರ್ಲಿನ್ ಈಕ್ವಿಟಿ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಯ ಪಾಲಾಯಿತು. 2018ರಲ್ಲಿ ಮತ್ತೊಮ್ಮೆ ದಿವಾಳಿ. ಕೊಂಡವರಿಗೆ ಬ್ರಾಂಡ್, ಅಚ್ಚು, ಪೇಟೆಂಟ್ ಎಲ್ಲ ಸಿಕ್ಕವು. ಹೊಸ ಸಾಮಾನನ್ನು ವರ್ಷಗಟ್ಟಲೆ ತಿದ್ದಿ, ತಾನೇ ನಿಂತು ತೋರಿಸುವ ಮನುಷ್ಯ ಮಾತ್ರ ಸಿಗಲಿಲ್ಲ.

ಅಮೆರಿಕದಿಂದ ತಂದ ರಾಂಕೋ ಯಂತ್ರವನ್ನು ಊರಿನಲ್ಲಿ ಬಳಸಬಹುದೇ?

ಬೆಂಗಳೂರಿಗೆ, ಮಂಗಳೂರಿಗೆ ಸಾಮಾನು ಕಟ್ಟುವ ಅನಿವಾಸಿ ಕನ್ನಡಿಗರ ಪ್ರಶ್ನೆ ಇದು. ನೇರವಾಗಿ ಪ್ಲಗ್ ಹಾಕಲೇಬೇಡಿ. ಯಂತ್ರ 120 ವೋಲ್ಟಿನದು, ನಮ್ಮದು 230. ಕಾಯಿಲ್ ಸುಮಾರು ನಾಲ್ಕು ಪಟ್ಟು ಶಕ್ತಿ ಎಳೆದು ಸುಟ್ಟುಹೋಗುತ್ತದೆ. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ದೊಡ್ಡ ರೊಟಿಸರಿ ಸುಮಾರು 1,250 ವ್ಯಾಟ್ ಎಳೆಯುತ್ತದೆ (ಹಿಂಬದಿಯ ಲೇಬಲ್ ನೋಡಿ), ಅದಕ್ಕೆ 2,000 ವಿಎ ಟ್ರಾನ್ಸ್‌ಫಾರ್ಮರ್ ಇರಲಿ, ಪ್ಲಗ್ 15 ಆಂಪಿಯರ್ ಸಾಕೆಟ್‌ಗೆ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಆವರ್ತನ ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ಮಾಡಿದ ಸಣ್ಣ ಎಸಿ ಮೋಟರು ನಮ್ಮ 50 ಹರ್ಟ್ಸ್‌ನಲ್ಲಿ ನಿಧಾನವಾಗಿ, ಸ್ವಲ್ಪ ಹೆಚ್ಚು ಬಿಸಿಯಾಗಿ ತಿರುಗುತ್ತದೆ. ಅಷ್ಟು ಭಾರದ ಟ್ರಾನ್ಸ್‌ಫಾರ್ಮರಿಗೆ ದುಡ್ಡು ಹಾಕುವ ಬದಲು ಇಲ್ಲಿಯದೇ ರೊಟಿಸರಿ ಇರುವ ಓಟಿಜಿ (ವಿದ್ಯುತ್ ಓವನ್) ಕೊಳ್ಳುವುದು ಮೇಲು. ಕೈಯಿಂದ ಒತ್ತುವ ವೆಜ್-ಒ-ಮ್ಯಾಟಿಕ್‌ಗೆ ಈ ತಾಪತ್ರಯವಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಬ್ಲೇಡು ಮುರಿದಿಲ್ಲವೇ, ಉಂಗುರ ಸಲೀಸಾಗಿ ತಿರುಗುತ್ತದೆಯೇ, ಒತ್ತುವ ಹಲ್ಲುಗಳು ಎಲ್ಲವೂ ಇವೆಯೇ ನೋಡಿ.

ನಮ್ಮ ಟೀವಿಯ ಟೆಲಿಶಾಪಿಂಗ್‌ಗೂ ರಾಂಕೋಗೂ ಸಂಬಂಧ ಇದೆಯೇ?

ಕಂಪನಿಯಾಗಿ ಇಲ್ಲ, ಮಾದರಿಯಾಗಿ ಇದೆ. ಉಪಗ್ರಹ ವಾಹಿನಿಗಳು ಬಂದ 1990ರ ದಶಕದಲ್ಲಿ ಈ ಪದ್ಧತಿ ಭಾರತಕ್ಕೆ ಬಂತು, 2008ರಲ್ಲಿ ಹೋಮ್‌ಶಾಪ್18 ಇಡೀ ದಿನದ ವಾಹಿನಿಯಾಯಿತು. ಕನ್ನಡ ವಾಹಿನಿಗಳಲ್ಲಿ ನಡುರಾತ್ರಿ, ನಸುಕಿನಲ್ಲಿ ಬರುವ ಡಬ್ ಆದ ಕಾರ್ಯಕ್ರಮಗಳೂ ಅದೇ ಅಚ್ಚಿನವು. ಅಮೆರಿಕದ ಅಂಗಡಿಗಳಲ್ಲಿ ಕಾಣುವ 'ಟೀವಿಯಲ್ಲಿ ಕಂಡದ್ದು' ಎಂಬ ಕೆಂಪು ಗುರುತನ್ನು ಜನಪ್ರಿಯಗೊಳಿಸಿದ್ದು ಭಾರತೀಯ ಮೂಲದ ಎ.ಜೆ. ಖೂಬಾನಿ ನ್ಯೂಜೆರ್ಸಿಯಲ್ಲಿ 1983ರಲ್ಲಿ ಶುರುಮಾಡಿದ ಟೆಲಿಬ್ರಾಂಡ್ಸ್.

ಆದರೆ ಒಂದು ವ್ಯತ್ಯಾಸ ನಮಗೆ ನೋವು ತರುತ್ತದೆ. ರಾಂಕೋ ತೋರಿಸಿದ್ದು ಕಣ್ಣಿಗೆ ಕಾಣುವ ಕೆಲಸ: ಹೆಚ್ಚುತ್ತದೆ ಎಂದರೆ ಹೆಚ್ಚುತ್ತಿತ್ತು. ಎತ್ತರ ಬೆಳೆಸುವ ಪುಡಿ, ದೃಷ್ಟಿ ತೆಗೆಯುವ ತಾಯತ ಇವುಗಳಲ್ಲಿ ತೋರಿಸಲು ಏನೂ ಇಲ್ಲ, ಹೇಳಿಕೆ ಮಾತ್ರ. ಟೀವಿ ನೋಡಿ ಆರ್ಡರ್ ಕೊಡುವ ಮುನ್ನ ಪರದೆಯ ಮೇಲೆ ಆ ಸಾಮಾನು ನಿಜವಾಗಿ ಮಾಡಿದ ಕೆಲಸ ಯಾವುದು ಎಂದು ಕೇಳಿಕೊಳ್ಳಿ. ಮಾರುವವರ ವಿಳಾಸ, ವಾಪಸಾತಿಯ ಅವಧಿ ಬರೆದಿಟ್ಟುಕೊಳ್ಳಿ, ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಬಿಲ್ ಎಸೆಯಬೇಡಿ. ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.